ಜೋಳವಾಳಿಯೂ ಒಡೆಯನ ಆಯ್ಕೆಯೂ

೧

ಸೇವೆಗೆ ಸೇರಿದ ಮೇಲೆ ಸೇವಕನು ಹೇಗೆ ನಡೆದುಕೊಳ್ಳಬೇಕೆಂಬ ವಿಷಯದಲ್ಲಿ ಕನ್ನಡ ಸಾಹಿತ್ಯವು ಧಾರಾಳವಾಗಿ ಹೇಳಿದೆ. ಸೇರುವುದಕ್ಕೆ ಮುನ್ನ ಅವನು ಒಡೆಯನನ್ನು ಹೇಗೆ ಪರೀಕ್ಷಿಸಬೇಕೆಂಬ ವಿಷಯದಲ್ಲಿ ಅದು ಹೇಳಿರುವುದು ಅಲ್ಪ. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆ ಹಳ್ಳಿಯ ಮಕ್ಕಳಿಗೂ ಗೊತ್ತು. ಉಣ್ಣುವ ಮನೆಯನ್ನು ಆರಿಸಿಕೊಳ್ಳುವ ಬಗೆಯನ್ನು ತಿಳಿಸುವ ಗಾದೆ ಅಷ್ಟು ಸುಲಭವಾಗಿ ನೆನಪಿಗೆ ಬಾರದು. ಓಲಗ, ಊಳಿಗ, ಚಾಕರಿ, ನೌಕರಿ ಎಂದು ಸೇವೆಗೆ ಹೆಸರುಗಳು ಹಲವು. ಈ ಹೆಸರುಗಳೆಲ್ಲವೂ ಒಡೆಯನನ್ನು ಮೊದಲೇ ಗೊತ್ತಾದ ವಸ್ತುವೆಂದು ಇಟ್ಟುಕೊಂಡು ಹುಟ್ಟಿದಂತೆ ತೋರುತ್ತವೆ.

ಇದು ಕೇವಲ ಪಂಡಿತರ ಪ್ರಶ್ನೆಯಲ್ಲ. ೧೯೫೬ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದೀಚೆಗೆ ಆ ಸೀಮೆಯ ಕನ್ನಡಿಗನಿಗೆ ಸರಕಾರದ ಕಚೇರಿ ಎಂದರೆ ತಿರುವನಂತಪುರ, ಉಚ್ಚ ನ್ಯಾಯಾಲಯ ಎಂದರೆ ಎರ್ನಾಕುಲ. ಕಲಿತ ತರುಣನು ಜೀವನೋಪಾಯವನ್ನು ಅರಸಿ ಬೆಂಗಳೂರಿಗೋ ಮುಂಬಯಿಗೋ ಹೋಗುವಂತೆಯೇ ಈ ಎರಡು ಊರುಗಳಿಗೂ ಹೋಗುತ್ತಾನೆ. ಅಲ್ಲಿ ಅವನನ್ನು ಎದುರುಗೊಳ್ಳುವ ಪ್ರಶ್ನೆ ಸಂಬಳ ಎಷ್ಟು ಎಂಬುದೊಂದೇ ಅಲ್ಲ. ತಾನು ನ್ಯಾಯವೆಂದು ನಂಬಿದುದನ್ನು ತನಗೆ ಅನ್ನ ಕೊಡುವವನೂ ನ್ಯಾಯವೆಂದು ನಂಬಿರುವನೋ ಇಲ್ಲವೋ ಎಂಬುದೂ ಒಂದು ಪ್ರಶ್ನೆ. ಈ ಪ್ರಶ್ನೆಗೆ ಕನ್ನಡದ ಹಳೆಯ ಕೃತಿಗಳಲ್ಲಿ ದೊರೆಯುವ ಉತ್ತರಗಳನ್ನು ತೂಗಿನೋಡಿ, ಬಳಿಕ ಅದೇ ತಿರುವನಂತಪುರದಲ್ಲಿ ೧೯೦೬ರಿಂದ ೧೯೧೦ರವರೆಗೆ ನಡೆದ ಒಂದು ಪ್ರಸಂಗದ ಬೆಳಕಿನಲ್ಲಿ ಅವುಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಶಾಸನಗಳ ಅಭ್ಯಾಸಿಗಳಿಗೆ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳು ಅಪರಿಚಿತವಲ್ಲ. ಒಡೆಯನ ಜೋಳವನ್ನುಂಡ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವುದು ಜೋಳವಾಳಿ. ಹೊತ್ತು ಬಂದಾಗ ಒಡೆಯನಿಗಾಗಿ ಮಡಿಯುವೆನೆಂದು ಭಾಷೆಕೊಟ್ಟು ಹಾಗೆಯೇ ನಡೆಯುವುದು ವೇಳೆವಾಳಿ. ಹೊಯ್ಸಳರ ಕಾಲದ ಗರುಡರು ಈ ನಿಷ್ಠೆಯ ತುತ್ತತುದಿ. ಇಮ್ಮಡಿ ಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನ ಸ್ಮಾರಕಸ್ತಂಭವು ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಇಂತಹ ಸ್ಮಾರಕಗಳು ಕೀರ್ತಿಸುವುದು ಸೇವಕನ ಭಾಷೆಯನ್ನು. ಒಡೆಯನ ಯೋಗ್ಯತೆಯನ್ನು ಅವು ಹೊಗಳುವುದುಂಟೇ ಹೊರತು ವಿಚಾರಿಸುವುದಿಲ್ಲ. ಉಂಡ ಜೋಳವೇ ಪ್ರಮಾಣ. ಬಡಿಸಿದ ಕೈ ಎಂತಹುದು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.

ಈ ಪ್ರಶ್ನೆಯನ್ನು ಕಾವ್ಯವು ಎತ್ತಿಕೊಂಡಿತು. ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನು ಜೋಳವಾಳಿಯ ಮೂರ್ತಿಯೆಂದೇ ವಿಮರ್ಶಕರಲ್ಲಿ ಪ್ರಸಿದ್ಧನಾಗಿದ್ದಾನೆ. ಕೃಷ್ಣನು ಅವನಿಗೆ ಜನ್ಮರಹಸ್ಯವನ್ನು ತಿಳಿಸಿ, ರಾಜ್ಯವನ್ನೇ ಮುಂದಿಟ್ಟು ಕರೆದಾಗಲೂ ಅವನು ದುರ್ಯೋಧನನನ್ನು ಬಿಡಲೊಪ್ಪುವುದಿಲ್ಲ. ಇದನ್ನು ಅನ್ನದ ಋಣವೆಂದಷ್ಟೇ ವಿವರಿಸಿದರೆ ಪಂಪನಿಗೆ ಅನ್ಯಾಯವಾದೀತು. ಕರ್ಣನು ದುರ್ಯೋಧನನಲ್ಲಿ ಕಂಡುದು ಅನ್ನದಾತನನ್ನು ಮಾತ್ರವಲ್ಲ. ಶಸ್ತ್ರಪ್ರದರ್ಶನದ ರಂಗದಲ್ಲಿ ಗುರುಗಳೂ ಹಿರಿಯರೂ ಅವನ ಕುಲವನ್ನು ಕೇಳಿದರು. ದುರ್ಯೋಧನನೊಬ್ಬನು ಅವನ ಬಿಲ್ಲನ್ನು ನೋಡಿದನು. ಕುಲಕ್ಕಿಂತ ಛಲವೂ ಗುಣವೂ ಹೆಚ್ಚು ಎಂಬುದು ಕರ್ಣನ ಬಾಳಿನ ಮೂಲನಂಬಿಕೆ. ಆ ನಂಬಿಕೆಯನ್ನು ತನ್ನ ನಂಬಿಕೆಯಾಗಿಯೂ ತೋರಿಸಿದ ಅರಸು ಅವನಿಗೆ ಅವನೊಬ್ಬನೇ. ಎಂದ ಮೇಲೆ ಕರ್ಣನು ಒಡೆಯನನ್ನು ವಿಚಾರಿಸದೆ ಸೇರಿದವನಲ್ಲ. ಅವನಿಗೆ ಅತ್ಯಂತ ಬೆಲೆಯುಳ್ಳದ್ದಾಗಿದ್ದ ಒಂದು ವಿಷಯದಲ್ಲಿ ಒಡೆಯನೂ ಅವನೂ ಒಂದೇ ಮನಸ್ಸಿನವರು.

ಅವನ ದುರಂತವೂ ಅಲ್ಲಿಯೇ ಇದೆ. ಆ ಒಂದು ವಿಷಯದಲ್ಲಿ ಕೂಡಿದ ಮನಸ್ಸು ಬೇರೆ ವಿಷಯಗಳಲ್ಲಿ ಕೂಡಲಿಲ್ಲ. ದಾಯಾದಿಯ ಭಾಗವನ್ನು ಕೊಡದಿರುವ ಒಡೆಯನ ಹಟವು ಕರ್ಣನ ಹಿರಿಮೆಗೆ ತಕ್ಕುದಲ್ಲ. ಆದರೂ ತನ್ನನ್ನು ಮನ್ನಿಸಿದವನನ್ನು ಅವನು ಬಿಡಲಾರನು. ದುಷ್ಟನಾದ ಒಡೆಯನು ಸಿಕ್ಕಿದ್ದರೆ ಬಿಟ್ಟುಹೋಗುವುದು ಸುಲಭವಾಗುತ್ತಿತ್ತು; ಅರ್ಧ ಒಳ್ಳೆಯವನಾದ ಒಡೆಯನನ್ನು ಬಿಡುವುದು ಕಷ್ಟ. ಕಚೇರಿಗಳಲ್ಲಿಯೂ ಕಾರಖಾನೆಗಳಲ್ಲಿಯೂ ದುಡಿಯುವ ಸಹಸ್ರಾರು ಜನರ ಅನುಭವವು ಇದೇ ಆಗಿರುವುದರಿಂದ ಪಂಪನ ಕರ್ಣನು ಹಳಬನಾಗಲಿಲ್ಲ.

೩

ಪಾತ್ರಗಳ ಮಾತು ಹಾಗಿರಲಿ. ಪಾತ್ರಗಳನ್ನು ನಿರ್ಮಿಸಿದ ಕವಿಗಳೂ ಓಲಗದವರೇ. ಪಂಪನು ವೇಮುಲವಾಡದ ಇಮ್ಮಡಿ ಅರಿಕೇಸರಿಯ ಆಸ್ಥಾನದವನು. ಧರ್ಮಪುರವೆಂಬ ಅಗ್ರಹಾರವನ್ನು ಅವನಿಂದ ಪಡೆದವನು. ಒಡೆಯನನ್ನು ಅರ್ಜುನನೊಡನೆ ಅಭೇದವಾಗಿ ಹೇಳಿ ಕಾವ್ಯವನ್ನು ನಡೆಸಿದನು. ಆದರೆ ಭಾರತದ ಮಹಾಪುರುಷರನ್ನು ನೆನೆಯುವಾಗ ಅವನ ಹೃದಯ ಒಲಿಯುವುದು ಕರ್ಣನ ಕಡೆಗೆ. ಜಿನಭಕ್ತನಾದ ಅವನು ‘ಆದಿಪುರಾಣ’ವನ್ನು ಧರ್ಮಕ್ಕಾಗಿಯೂ ಭಾರತವನ್ನು ಲೌಕಿಕಕ್ಕಾಗಿಯೂ ಮೀಸಲಿಟ್ಟನು. ಒಬ್ಬನೇ ವ್ಯಕ್ತಿ ತನ್ನ ದುಡಿಮೆಯನ್ನು ಎರಡು ಪಾಲು ಮಾಡಿ, ಒಂದನ್ನು ಒಡೆಯನಿಗೆ, ಇನ್ನೊಂದನ್ನು ತನ್ನ ನಂಬಿಕೆಗೆ ಒಪ್ಪಿಸಿದ ಏರ್ಪಾಟು ಇದು. ರನ್ನನ ಏರ್ಪಾಟೂ ಇದಕ್ಕೆ ದೂರವಾದುದಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾವುಂಡರಾಯನನ್ನೂ ಅತ್ತಿಮಬ್ಬೆಯನ್ನೂ ಚಾಲುಕ್ಯರನ್ನೂ ಆಶ್ರಯಿಸಿದ ಅವನು ಸತ್ಯಾಶ್ರಯನಿಗೂ ಭೀಮನಿಗೂ ಅಭೇದವನ್ನು ಕಲ್ಪಿಸಿ ‘ಸಾಹಸಭೀಮ ವಿಜಯ’ವನ್ನು ಬರೆದನು. ಆದರೆ ಆ ಕೃತಿಯ ವಾಚಕನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಒಡೆಯನ ಮೌಲ್ಯವೂ ಕವಿಯ ಮೌಲ್ಯವೂ ಬೇರೆಯಾದ ಎಡೆಯಲ್ಲಿ ಕಾವ್ಯದ ತೂಕವು ಕವಿಯ ಕಡೆಗೆ ವಾಲುತ್ತದೆ. ಒಡೆಯನಿಗೆ ಹೆಸರು ಸಲ್ಲುತ್ತದೆ.

ಬಸವಣ್ಣನವರಿಗೆ ಈ ಪಾಲುಪಟ್ಟಿ ಸಾಧ್ಯವಾಗಲಿಲ್ಲ. ಭವಿಯಾದ ಬಿಜ್ಜಳನ ಭಂಡಾರದಲ್ಲಿ ಅವರು ಅಧಿಕಾರಿಯಾಗಿದ್ದುದು ಶರಣರಲ್ಲಿಯೇ ಆಕ್ಷೇಪಕ್ಕೆ ಎಡೆಮಾಡಿತೆಂಬುದಕ್ಕೆ ಅವರ ವಚನಗಳೇ ಸಾಕ್ಷಿ. ಆಕ್ಷೇಪಕ್ಕೆ ಅವರು ಕೊಟ್ಟ ಸಮಾಧಾನದ ಸಾರಾಂಶ ಇಷ್ಟು: ಈ ಸೇವೆ ತಮ್ಮ ಒಡಲಿಗಾಗಿ ಅಲ್ಲ, ಜಂಗಮದಾಸೋಹಕ್ಕಾಗಿ. ಒಡೆಯನ ನಂಬಿಕೆ ಬೇರೆ; ಆದರೆ ಅವನು ಕೊಡುವ ಹಣವು ಹೋಗಿ ಮುಟ್ಟುವ ಎಡೆ ತಮ್ಮದು. ಇಂದಿನ ಉದ್ಯೋಗಸ್ಥನು ಮನಸ್ಸೊಪ್ಪದ ಕೆಲಸದಲ್ಲಿದ್ದುಕೊಂಡು ಅದರ ಸಂಬಳದಿಂದ ಒಳ್ಳೆಯ ಕೆಲಸಗಳನ್ನು ನಡೆಸುವೆನೆಂದು ಹೇಳಿಕೊಳ್ಳುವ ಸಮಾಧಾನವೂ ಇದೇ. ಅದು ಹುಸಿಯಲ್ಲ, ಆದರೆ ಅದಕ್ಕೆ ಒಂದು ಮೇರೆಯುಂಟು. ಕಲ್ಯಾಣದಲ್ಲಿ ಆ ಮೇರೆ ಬಂದಿತು. ಶರಣರ ನಡೆಯೂ ಅರಮನೆಯ ನಡೆಯೂ ನೇರವಾಗಿ ಎದುರಾದಾಗ ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು.

ಹರಿಹರನದು ಮೂರನೆಯ ಹಾದಿ. ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ ಅವನು ಲೆಕ್ಕದ ಕಡತವನ್ನು ಕೆಳಗಿಟ್ಟು ಹಂಪೆಗೆ ಬಂದು, ವಿರೂಪಾಕ್ಷನನ್ನಲ್ಲದೆ ಮನುಷ್ಯರನ್ನು ಹೊಗಳೆನೆಂದು ನಿಶ್ಚಯಿಸಿದನೆಂಬುದು ಪರಂಪರೆಯ ಮಾತು. ಇದು ಘನವಾದ ತ್ಯಾಗ. ಆದರೆ ಪ್ರಶ್ನೆಗೆ ಉತ್ತರವಾಗುವುದಕ್ಕಿಂತ ಪ್ರಶ್ನೆಯನ್ನೇ ಕೈಬಿಟ್ಟಂತೆ ಆಗುತ್ತದೆ. ದೇವರನ್ನು ಒಡೆಯನನ್ನಾಗಿ ಮಾಡಿಕೊಂಡವನಿಗೆ ಮೌಲ್ಯಭೇದದ ಭಯವಿಲ್ಲ. ಗೃಹಸ್ಥನಾಗಿ, ಮನುಷ್ಯರ ನಡುವೆ, ಮನುಷ್ಯರಿಂದ ಸಂಬಳ ಪಡೆದು ಬಾಳುವವನಿಗೆ ಆ ಹಾದಿ ತೆರೆದಿಲ್ಲ.

ಹೀಗೆ ಹಳಗನ್ನಡ, ನಡುಗನ್ನಡಗಳ ಉತ್ತರಗಳು ಮೂರು: ಮನ್ನಿಸಿದವನೊಡನೆ ಮಡಿಯುವುದು, ದುಡಿಮೆಯನ್ನೋ ದುಡಿಮೆಯ ಫಲವನ್ನೋ ಪಾಲುಮಾಡಿಕೊಂಡು ಇರುವುದು, ಬಿಟ್ಟುಹೋಗುವುದು. ಒಡೆಯನೂ ಸೇವಕನೂ ಸಮಾನರಾಗಿ ಒಂದು ಮೌಲ್ಯಕ್ಕೆ ಸೇವೆ ಸಲ್ಲಿಸುವ, ಅದಕ್ಕಾಗಿ ಇಬ್ಬರೂ ಸಮಾನವಾಗಿ ಹಾನಿಯನ್ನು ಅನುಭವಿಸುವ ನಾಲ್ಕನೆಯ ಚಿತ್ರವನ್ನು ಈ ಕೃತಿಗಳಲ್ಲಿ ಹುಡುಕುವುದು ಕಷ್ಟ. ಅರಸನು ಆಳನ್ನು ಹಾಗೆ ಸಮಾನವಾಗಿ ಕಾಣುವ ಸಮಾಜ ಅದಾಗಿರಲಿಲ್ಲ. ಆ ಚಿತ್ರ ಮೂಡಬೇಕಾದರೆ ಒಡೆಯನು ಅರಸನಾಗಿರದೆ ಸಾಮಾನ್ಯ ಪ್ರಜೆಯಾಗಿರಬೇಕು. ಕೆಲಸವು ಅವನ ಹೊಗಳಿಕೆಯಾಗಿರದೆ ಲೋಕದ ಕಾರ್ಯವಾಗಿರಬೇಕು. ವೃತ್ತಪತ್ರಿಕೆಯ ಕಾಲದಲ್ಲಿ ಇವೆರಡೂ ಕೂಡಿಬಂದುವು.

೪

ಮೈಸೂರು, ತಿರುವಾಂಕೂರು ಎರಡೂ ದೇಶೀಯ ಸಂಸ್ಥಾನಗಳು. ಎರಡಕ್ಕೂ ದಿವಾನರಾಗಿದ್ದ ವಿ. ಪಿ. ಮಾಧವರಾಯರ ಚರಿತ್ರೆಯು ಈ ಎರಡು ರಾಜ್ಯಗಳ ಪತ್ರಿಕಾಜೀವನವನ್ನು ಹೋಲಿಸಿ ನೋಡಲು ಅನುಕೂಲವಾಗಿದೆ. ೧೯೦೪ರಿಂದ ೧೯೦೬ರವರೆಗೆ ಅವರು ತಿರುವಾಂಕೂರಿನ ದಿವಾನರು. ಮೈಸೂರಿನಲ್ಲಿ ರಂಗಾಚಾರ್ಲು ಅವರು ೧೮೮೧ರಲ್ಲಿ ಸ್ಥಾಪಿಸಿದ್ದ ಪ್ರಜಾಪ್ರತಿನಿಧಿ ಸಭೆಯ ಮಾದರಿಯನ್ನನುಸರಿಸಿ ಅಲ್ಲಿ ೧೯೦೪ರಲ್ಲಿ ಶ್ರೀಮೂಲಂ ಪ್ರಜಾಸಭೆಯು ಸ್ಥಾಪನೆಯಾದುದು ಅವರ ಆಡಳಿತದಲ್ಲಿ. ೧೯೦೬ರಲ್ಲಿ ಅವರು ಮೈಸೂರಿಗೆ ದಿವಾನರಾಗಿ ಬಂದರು. ೧೯೦೮ರಲ್ಲಿ ಮೈಸೂರಿನ ಪತ್ರಿಕೆಗಳನ್ನು ಸರಕಾರದ ಅನುಮತಿಗೆ ಅಧೀನಗೊಳಿಸಿದ ಶಾಸನವು ಹೊರಟುದು ಅವರ ಕಾಲದಲ್ಲಿಯೇ. ಪ್ರಜೆಗಳಿಗೆ ಮಾತನಾಡಲು ಒಂದು ಸಭೆಯನ್ನು ತೆರೆದ ಕೈಯೇ ಪ್ರಜೆಗಳ ಲೇಖನಿಗೆ ಕಡಿವಾಣವನ್ನೂ ತೊಡಿಸಿತು. ಬಳಿಕ ಅವರು ಬರೋಡೆಯಲ್ಲಿಯೂ ದಿವಾನರಾದರು. ಮೂರು ಒಡೆಯರ ಬಳಿ ಒಂದೇ ದಕ್ಷತೆಯಿಂದ ಕೆಲಸ ಮಾಡಬಲ್ಲ ಅಧಿಕಾರಿವರ್ಗದ ಬಲವೂ ಮಿತಿಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ.

ಆ ಶಾಸನವನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರು ತಮ್ಮ ಪತ್ರಿಕೆಗಳಿಗೆ ತಾವೇ ಒಡೆಯರು. ನಿಲ್ಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಇನ್ನೊಬ್ಬರ ಮುದ್ರಾಲಯದಲ್ಲಿ ದುಡಿಯುವ ಸಂಪಾದಕನ ಸ್ಥಿತಿ ಹಾಗಲ್ಲ. ಅವನು ನಿಲ್ಲಿಸಬೇಕೆಂದರೂ ಒಡೆಯನು ನಡೆಸಬಹುದು. ಅವನು ಬರೆಯಬೇಕೆಂದರೂ ಒಡೆಯನು ತಡೆಯಬಹುದು. ಒಡೆಯನ ಮೌಲ್ಯದ ಪ್ರಶ್ನೆ ನಿಜವಾಗಿ ಕಠಿನವಾಗುವುದು ಇಂತಹವನ ವಿಷಯದಲ್ಲಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮೌಲ್ಯಭೇದ ಬಂದಾಗಲೆಲ್ಲ ನ್ಯಾಯವು ಸೇವಕನ ಪಕ್ಷದಲ್ಲಿಯೇ ಇರುತ್ತದೆಂದು ಭಾವಿಸಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೮ರಲ್ಲಿ ಮೈಸೂರು ದಿವಾನಗಿರಿಗೆ ರಾಜೀನಾಮೆಯನ್ನು ಕೊಟ್ಟರು. ಹಿಂದುಳಿದ ವರ್ಗಗಳಿಗೆ ಸರಕಾರದ ಹುದ್ದೆಗಳಲ್ಲಿ ಸ್ಥಾನ ಕಲ್ಪಿಸುವ ಸಲುವಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದ ನೀತಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಒಪ್ಪಿಗೆಯಿಲ್ಲದ ನೀತಿಯನ್ನು ನಡೆಸದೆ ಹುದ್ದೆಯನ್ನು ಬಿಟ್ಟುದು ಪ್ರಾಮಾಣಿಕತೆ. ಆದರೆ ಆ ನೀತಿಯ ವಿಷಯದಲ್ಲಿ ಮುಂದಿನ ಕಾಲವು ಒಡೆಯನ ಪಕ್ಷವನ್ನೇ ಎತ್ತಿಹಿಡಿಯಿತು. ತನ್ನ ಮೌಲ್ಯಕ್ಕೆ ಹೊಂದುವ ಒಡೆಯನನ್ನು ಅರಸುವವನು ತನ್ನ ಮೌಲ್ಯವನ್ನೂ ಒಮ್ಮೆ ಒರೆಗೆ ಹಚ್ಚಬೇಕೆಂಬುದಕ್ಕೆ ಈ ದೃಷ್ಟಾಂತ ಸಾಲದೆ?

೫

ತಿರುವನಂತಪುರದ ಉತ್ತರಕ್ಕೆ, ಚಿರಯಿನ್‌ಕೀೞ್ ಸೀಮೆಯಲ್ಲಿ ವಕ್ಕಂ ಎಂಬ ಊರಿದೆ. ಅಲ್ಲಿಯ ಮಹಮ್ಮದ್ ಅಬ್ದುಲ್ ಖಾದರ್ ಮೌಲವಿಯವರು (೧೮೭೩–೧೯೩೨) ಅರಬ್ಬಿ ಪಾರಸಿಗಳಲ್ಲಿ ವಿದ್ವಾಂಸರು, ತಮ್ಮ ಸಮಾಜದ ಸುಧಾರಣೆಯಲ್ಲಿ ಶ್ರದ್ಧೆಯುಳ್ಳವರು. ೧೯೦೫ರ ಜನವರಿ ೧೯ರಂದು ಅವರು ‘ಸ್ವದೇಶಾಭಿಮಾನಿ’ ಎಂಬ ಮಲೆಯಾಳ ಪತ್ರಿಕೆಯನ್ನು ಹೊರಡಿಸಿದರು. ಅದು ಮೊದಲು ಅಚ್ಚಾದುದು ಅಂಚುತೆಂಗಿನಲ್ಲಿ. ಸುತ್ತಲೂ ತಿರುವಾಂಕೂರು ಇದ್ದರೂ ಅಂಚುತೆಂಗು ಬ್ರಿಟಿಷರ ನೆಲ. ಸಂಸ್ಥಾನದ ಅಧಿಕಾರಿಗಳ ಕೈ ಅಲ್ಲಿಗೆ ನೇರವಾಗಿ ಚಾಚುತ್ತಿರಲಿಲ್ಲ. ಮೊದಲನೆಯ ಸಂಪಾದಕರು ಸಿ. ಪಿ. ಗೋವಿಂದಪಿಳ್ಳೆಯವರು. ೧೯೦೬ರ ಜನವರಿಯಲ್ಲಿ ಆ ಸ್ಥಾನಕ್ಕೆ ಬಂದವರು ನೆಯ್ಯಾಟ್ಟಿನ್‌ಕರೆಯ ಕೆ. ರಾಮಕೃಷ್ಣಪಿಳ್ಳೆಯವರು.

ರಾಮಕೃಷ್ಣಪಿಳ್ಳೆಯವರು (೧೮೭೮–೧೯೧೬) ಆ ವೇಳೆಗೆ ಒಡೆಯರನ್ನು ಅರಿಯದವರಲ್ಲ. ‘ಕೇರಳದರ್ಪಣಂ’, ‘ಕೇರಳಪಂಚಿಕ’, ‘ಮಲಯಾಳಿ’ ಎಂದು ಒಂದರ ಮೇಲೊಂದು ಪತ್ರಿಕೆಯಲ್ಲಿ ಅವರು ದುಡಿದಿದ್ದರು. ಎಲ್ಲಿಯೂ ಬಹುಕಾಲ ನಿಲ್ಲಲಿಲ್ಲ. ಕಂಡುದನ್ನು ಕಂಡಂತೆ ಬರೆಯುವ ಸಂಪಾದಕನಿಗೆ ಎಂತಹ ಪತ್ರಿಕೆ ಬೇಕು ಎಂಬುದು ಈ ಆರೇಳು ವರ್ಷಗಳ ಅಲೆದಾಟದಲ್ಲಿ ಅವರಿಗೆ ಸ್ಪಷ್ಟವಾಗಿದ್ದಿರಬೇಕು. ಮೌಲವಿಯವರಾದರೋ ಅವರು ಬರುವುದಕ್ಕೆ ಮೊದಲೇ ತಮ್ಮ ನಂಬಿಕೆಗೆ ಹಣವನ್ನು ಹೂಡಿದ್ದರು. ಇಂಗ್ಲೆಂಡಿನಿಂದ ಮುದ್ರಣಯಂತ್ರವನ್ನು ತರಿಸಿದ್ದರು. ಭಯದಿಂದಲೂ ಕಪಟದಿಂದಲೂ ಲೋಭದಿಂದಲೂ ನಾಡು ಬೆಳೆಯದೆಂಬ ಅರ್ಥದ ಧ್ಯೇಯವಾಕ್ಯವು ಪತ್ರಿಕೆಯದಾಗಿತ್ತು. ಒಡೆಯನ ಮಾತಿಗೂ ಅವನ ಹಣ ಹರಿಯುವ ದಿಕ್ಕಿಗೂ ಇಲ್ಲಿ ಹೊಂದಿಕೆಯಿದ್ದಿತು.

ಇಬ್ಬರ ನಡುವೆ ಬರಹದ ಕರಾರು ಇರಲಿಲ್ಲ. ಪತ್ರಿಕೆಯೂ ಯಂತ್ರವೂ ಮೌಲವಿಯವರದು. ಅದರಲ್ಲಿ ಬರುವ ಬರಹದ ಸಂಪೂರ್ಣ ಸ್ವಾತಂತ್ರ್ಯ ಪಿಳ್ಳೆಯವರದು. ೧೯೦೭ರ ಜುಲೈಯಲ್ಲಿ ಪತ್ರಿಕೆಯು ತಿರುವನಂತಪುರಕ್ಕೆ ಬಂದಿತು. ಅದಕ್ಕೆ ತಗಲಿದ ವೆಚ್ಚವನ್ನೂ ಮೌಲವಿಯವರೇ ವಹಿಸಿದರು. ಬ್ರಿಟಿಷರ ನೆಲದ ಆಸರೆಯನ್ನು ಬಿಟ್ಟು, ಅರಮನೆಯ ಬಾಗಿಲಿಗೇ ಬಂದು ಅರಮನೆಯ ಆಡಳಿತವನ್ನು ವಿಮರ್ಶಿಸುವುದೆಂದರೆ ಅಪಾಯವನ್ನು ಬೇಕೆಂದೇ ಬರಮಾಡಿಕೊಂಡಂತೆ. ಇದಕ್ಕೆ ಒಪ್ಪುವಾಗ ಸಂಪಾದಕನು ಒಡ್ಡಿದುದು ತನ್ನ ದೇಹವನ್ನು. ಒಡೆಯನು ಒಡ್ಡಿದುದು ತನ್ನ ಆಸ್ತಿಯನ್ನು.

ದಿವಾನ್ ಪಿ. ರಾಜಗೋಪಾಲಾಚಾರಿಯವರ ಆಡಳಿತದ ಮೇಲೆ ಪಿಳ್ಳೆಯವರ ಟೀಕೆ ವರ್ಷವರ್ಷಕ್ಕೂ ಖಾರವಾಯಿತು. ದಿವಾನರ ಖಾಸಗಿ ನಡತೆಯನ್ನೂ ಅದು ಬಿಡಲಿಲ್ಲ. ೧೯೧೦ರ ಸೆಪ್ಟೆಂಬರ್ ೨೬ರಂದು ಮಹಾರಾಜ ಶ್ರೀಮೂಲಂ ತಿರುನಾಳರ ಆಜ್ಞೆಯ ಮೇರೆಗೆ ಪತ್ರಿಕೆ ನಿಂತಿತು, ಮುದ್ರಾಲಯವು ಮುಟ್ಟುಗೋಲಾಯಿತು, ಸಂಪಾದಕರನ್ನು ಹಿಡಿದು ಗಡಿಯ ಆಚೆ ತಿರುನೆಲ್ವೇಲಿಗೆ ಸಾಗಿಸಿದರು. ವಿಚಾರಣೆ ನಡೆಯಲಿಲ್ಲ. ಅಲ್ಲಿಂದ ಮುಂದೆ ಪಿಳ್ಳೆಯವರು ಹುಟ್ಟಿದ ನಾಡನ್ನು ಕಾಣಲಿಲ್ಲ. ಮದರಾಸು, ಪಾಲಕ್ಕಾಡುಗಳಲ್ಲಿದ್ದು, ಕ್ಷಯರೋಗದಿಂದ ಬಳಲಿ, ೧೯೧೬ರ ಮಾರ್ಚ್ ೨೮ರಂದು ಕಣ್ಣೂರಿನಲ್ಲಿ ತೀರಿಕೊಂಡರು.

ಸಂಪಾದಕರ ಕಥೆ ಕೇರಳದಲ್ಲಿ ಎಲ್ಲರಿಗೂ ಗೊತ್ತು. ಒಡೆಯರ ಕಥೆಯೇ ಈ ಲೇಖನಕ್ಕೆ ಹೆಚ್ಚು ಪ್ರಸ್ತುತವಾದುದು. ಸಂಪಾದಕನನ್ನು ಕೈಬಿಟ್ಟು, ತಪ್ಪೊಪ್ಪಿಕೊಂಡು, ಯಂತ್ರವನ್ನು ಬಿಡಿಸಿಕೊಳ್ಳಬಹುದೆಂಬ ಸಲಹೆ ಮೌಲವಿಯವರಿಗೆ ಬಾರದಿರಲಿಲ್ಲ. ತನ್ನ ಸಂಪಾದಕನಿಲ್ಲದ ಮೇಲೆ ಮುದ್ರಾಲಯವು ತನಗೇತಕ್ಕೆ ಎಂದು ಅವರು ಕೇಳಿದರೆಂದು ಪ್ರತೀತಿ. ಮಾತು ಹೇಗೇ ಇರಲಿ, ನಡತೆಯು ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಅವರು ಕ್ಷಮೆ ಯಾಚಿಸಲಿಲ್ಲ, ಪಿಳ್ಳೆಯವರನ್ನು ದೂಷಿಸಲಿಲ್ಲ. ಮುದ್ರಾಲಯವು ಅವರ ಜೀವಿತಕಾಲದಲ್ಲಿ ಅವರ ಕೈಗೆ ಮರಳಲಿಲ್ಲ.

೬

ಈ ಪ್ರಸಂಗದ ಸುತ್ತ ಹುಟ್ಟಿದ ಮಲೆಯಾಳ ಗ್ರಂಥಗಳಲ್ಲಿ ಮೂರನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕು. ಗಡಿಪಾರಾದ ಮರುವರ್ಷ, ೧೯೧೧ರಲ್ಲಿ, ಪಿಳ್ಳೆಯವರು ತಮ್ಮ ಪಕ್ಷವನ್ನು ಲೋಕದ ಮುಂದಿಟ್ಟ ‘ಎನ್ಱೆ ನಾಡುಕಡತ್ತಲ್’ (ನನ್ನ ಗಡಿಪಾರು) ಒಂದು. ೧೯೧೨ರಲ್ಲಿ ಹೊರಬಂದ, ಪತ್ರಿಕಾವೃತ್ತಿಯನ್ನು ಕುರಿತು ಆ ಭಾಷೆಯ ಮೊದಲ ಶಾಸ್ತ್ರಗ್ರಂಥವಾದ ‘ವೃತ್ತಾಂತಪತ್ರಪ್ರವರ್ತನಂ’ ಎರಡು. ಅವರ ಪತ್ನಿ ಬಿ. ಕಲ್ಯಾಣಿಯಮ್ಮನವರು ಪತಿಯ ಮರಣದ ವರ್ಷದಲ್ಲಿಯೇ ಬರೆದ ‘ವ್ಯಾೞವಟ್ಟಸ್ಮರಣಕಳ್’ ಮೂರು. ವ್ಯಾೞವೆಂದರೆ ಗುರುಗ್ರಹ, ಅದು ರಾಶಿಚಕ್ರವನ್ನು ಒಂದು ಸುತ್ತು ಬರುವ ಹನ್ನೆರಡು ವರ್ಷಗಳ ಅವಧಿಯೇ ಆ ದಂಪತಿಗಳು ಕೂಡಿ ಬಾಳಿದ ಅವಧಿ. ಗ್ರಂಥದ ಹೆಸರಿನಲ್ಲಿಯೇ ದುಃಖವು ಲೆಕ್ಕದ ರೂಪದಲ್ಲಿ ಅಡಗಿದೆ.

ಒಂದು ಪ್ರತಿವಾದ, ಒಂದು ಶಾಸ್ತ್ರ, ಒಂದು ಸ್ಮರಣೆ: ಈ ಮೂರೂ ಒಂದೇ ಘಟನೆಯ ಮೂರು ಮುಖಗಳು. ವಿಮರ್ಶಕನು ಗಮನಿಸಬೇಕಾದುದು ಇವುಗಳ ಕ್ರಮವನ್ನು. ಪಿಳ್ಳೆಯವರು ತಮಗಾದ ಅನ್ಯಾಯವನ್ನು ಹೇಳಿಕೊಳ್ಳುವುದರಲ್ಲಿಯೇ ನಿಲ್ಲಲಿಲ್ಲ. ಬರೆಯಲು ಪತ್ರಿಕೆಯಿಲ್ಲದ ಸ್ಥಿತಿಯಲ್ಲಿ, ಪತ್ರಿಕೆಯನ್ನು ಹೇಗೆ ನಡೆಸಬೇಕೆಂಬುದನ್ನು ಮುಂದಿನವರಿಗೆ ಬರೆದಿಟ್ಟರು. ಅದೇ ೧೯೧೨ರಲ್ಲಿ ಅವರು ಕಾರ್ಲ್ ಮಾರ್ಕ್ಸನ ಜೀವನಚರಿತ್ರೆಯನ್ನೂ ಮಲೆಯಾಳದಲ್ಲಿ ಪ್ರಕಟಿಸಿದರು. ಭಾರತದ ಭಾಷೆಗಳಲ್ಲಿ ಮಾರ್ಕ್ಸನನ್ನು ಕುರಿತ ಅತಿ ಹಳೆಯ ಪುಸ್ತಕಗಳಲ್ಲಿ ಅದೊಂದು. ಸೇವೆಯು ಹೋದರೂ ಸೇವೆಯ ಉದ್ದೇಶವು ಹೋಗಲಿಲ್ಲವೆಂಬುದನ್ನು ಈ ಎರಡು ವರ್ಷಗಳ ದುಡಿಮೆ ತೋರಿಸುತ್ತದೆ. ಕರ್ಣನಿಗೆ ಒಡೆಯನೇ ಉದ್ದೇಶ. ಪಿಳ್ಳೆಯವರಿಗೆ ಒಡೆಯನು ಸಹೋದ್ದೇಶಿ. ಜೋಳವಾಳಿಗೂ ಈ ಹೊಸ ಸಂಬಂಧಕ್ಕೂ ಇರುವ ಅಂತರ ಇಷ್ಟೇ. ಆದರೆ ಈ ಅಂತರವು ಬಹು ದೊಡ್ಡದು.

ಹಾಗೆಂದು ಈ ಪ್ರಸಂಗವನ್ನು ಕಳಂಕವಿಲ್ಲದ ಚಿತ್ರವೆಂದು ತೂಗುಹಾಕುವುದು ಸರಿಯಲ್ಲ. ಪುಲಯರ ಮಕ್ಕಳನ್ನು ಸವರ್ಣರ ಮಕ್ಕಳ ಜೊತೆಯಲ್ಲಿ ಶಾಲೆಗೆ ಸೇರಿಸಬೇಕೆಂದು ಅಯ್ಯಂಕಾಳಿಯವರು ಹೋರಾಡುತ್ತಿದ್ದ ಕಾಲ ಅದು. ೧೯೧೦ರಲ್ಲಿ ‘ಸ್ವದೇಶಾಭಿಮಾನಿ’ಯು ಆ ಸಹವಿದ್ಯಾಭ್ಯಾಸವನ್ನು ವಿರೋಧಿಸಿ, ಕುದುರೆಯನ್ನೂ ಎಮ್ಮೆಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ ಎಂದು ಬರೆಯಿತು. ಪ್ರಜೆಗಳ ಹಕ್ಕಿಗಾಗಿ ದೇಶಭ್ರಷ್ಟನಾದ ಲೇಖನಿಯಿಂದಲೇ ಈ ಮಾತು ಹೊರಟಿತು. ಆ ಲೇಖನಿಯ ಕಡುಟೀಕೆಗೆ ಗುರಿಯಾದ ದಿವಾನ್ ರಾಜಗೋಪಾಲಾಚಾರಿಯವರ ಕಾಲದಲ್ಲಿಯೇ ಅಯ್ಯಂಕಾಳಿಯವರು ಶ್ರೀಮೂಲಂ ಪ್ರಜಾಸಭೆಗೆ ನಾಮಕರಣ ಹೊಂದಿದರು. ಪಿಳ್ಳೆಯವರ ಭಕ್ತರು ಈ ಸಂಗತಿಯನ್ನು ಮರೆಮಾಡುವುದೂ ವಿರೋಧಿಗಳು ಇದೊಂದನ್ನೇ ಎತ್ತಿ ಆಡುವುದೂ ವಿಮರ್ಶೆಯಾಗದು. ಒಡೆಯನು ಕೊಟ್ಟ ಸ್ವಾತಂತ್ರ್ಯವು ಒಳ್ಳೆಯ ಮಾತನ್ನು ಕಾಪಾಡುವಂತೆ ಕೆಟ್ಟ ಮಾತನ್ನೂ ಕಾಪಾಡುತ್ತದೆ. ಇಬ್ಬರ ಮನಸ್ಸು ಕೂಡುವುದರಿಂದ ಇಬ್ಬರೂ ಸರಿಯಾಗುವುದಿಲ್ಲ. ಒಡೆಯನ ಹೊಂದಿಕೆಯು ದೊರಕಿದ ಮೇಲೂ ಸೇವಕನ ಆತ್ಮಪರೀಕ್ಷೆಯ ಹೊಣೆ ತೀರುವುದಿಲ್ಲವೆಂಬುದು ಇದರ ತಾತ್ಪರ್ಯ.

೭

ಬರಹದ ಕರಾರಿಲ್ಲದ ಸ್ವಾತಂತ್ರ್ಯವು ಒಡೆಯನ ಸೌಜನ್ಯದ ಮೇಲೆ ನಿಂತದ್ದು. ಒಡೆಯನು ಬೇರೆಯಾದರೆ ಸ್ವಾತಂತ್ರ್ಯವೂ ಬೇರೆಯಾಗುತ್ತದೆ. ಇದಕ್ಕೆ ನಿದರ್ಶನವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಪಿಳ್ಳೆಯವರ ತರುವಾಯದ ತಲೆಮಾರಿನ ಎ. ಬಾಲಕೃಷ್ಣಪಿಳ್ಳೆಯವರು (೧೮೮೯–೧೯೬೦) ತಿರುವನಂತಪುರದಲ್ಲಿಯೇ ‘ಸಮದರ್ಶಿ’ ಎಂಬ ಪತ್ರಿಕೆಯ ಸಂಪಾದಕರಾಗಿದ್ದರು. ತಿರುವಾಂಕೂರಿನಲ್ಲಿ ಪತ್ರಿಕಾಶಾಸನವು ಜಾರಿಗೆ ಬಂದ ೧೯೨೬ರಲ್ಲಿಯೇ, ಆಡಳಿತದ ಟೀಕೆಯ ವಿಷಯದಲ್ಲಿ ಅವರಿಗೂ ಒಡೆಯರಿಗೂ ಮನಸ್ಸು ಮುರಿದು, ಅವರು ಆ ಕೆಲಸವನ್ನು ಬಿಟ್ಟರು. ಇನ್ನೊಬ್ಬ ಮೌಲವಿಯವರು ಅವರಿಗೆ ಸಿಕ್ಕಲಿಲ್ಲ. ಆದುದರಿಂದ ತಮ್ಮದೇ ಮುದ್ರಾಲಯವನ್ನು ಹೂಡಿ, ೧೯೩೦ರಲ್ಲಿ ‘ಪ್ರಬೋಧಕನ್’ ಪತ್ರಿಕೆಯನ್ನೂ ಅದು ನಿಲ್ಲಬೇಕಾಗಿ ಬಂದಾಗ ‘ಕೇಸರಿ’ಯನ್ನೂ ಹೊರಡಿಸಿದರು. ‘ಕೇಸರಿ’ಯೂ ೧೯೩೫ರಲ್ಲಿ ನಿಂತಿತು. ತಾನೇ ಒಡೆಯನಾದವನಿಗೆ ಮೌಲ್ಯಭೇದವಿಲ್ಲ, ಆದರೆ ಸಾಲವುಂಟು. ಬಾಳಿನ ಕೊನೆಯ ಭಾಗವನ್ನು ಅವರು ಎರ್ನಾಕುಲದ ಸಮೀಪದ ಪರವೂರಿನಲ್ಲಿ, ವಿಮರ್ಶೆಯಲ್ಲಿಯೂ ಚರಿತ್ರೆಯ ಸಂಶೋಧನೆಯಲ್ಲಿಯೂ ಕಳೆದರು. ಪತ್ರಿಕೆಯಿಲ್ಲದ ಸಂಪಾದಕನು ಮಲೆಯಾಳದ ಹಿರಿಯ ವಿಮರ್ಶಕನಾದುದು ಆ ಭಾಷೆಯ ಭಾಗ್ಯ. ಆ ಭಾಗ್ಯಕ್ಕೆ ಅವರು ತೆತ್ತ ಬೆಲೆಯನ್ನು ಮರೆಯಬಾರದು.

ಕನ್ನಡದಲ್ಲಿ ಇವರ ಪಕ್ಕದಲ್ಲಿ ನಿಲ್ಲಿಸಬಹುದಾದವರು ಡಿ. ವಿ. ಗುಂಡಪ್ಪನವರು. ಅವರೂ ತಾರುಣ್ಯದಲ್ಲಿ ಇತರರ ಪತ್ರಿಕೆಗಳಲ್ಲಿ ದುಡಿದು, ೧೯೧೩ರಲ್ಲಿ ತಮ್ಮದೇ ‘ಕರ್ಣಾಟಕ’ವನ್ನು ಹೊರಡಿಸಿದರು, ಪತ್ರಿಕಾವೃತ್ತಿಯನ್ನು ಕುರಿತು ‘ವೃತ್ತಪತ್ರಿಕೆ’ಯೆಂಬ ಗ್ರಂಥವನ್ನು ಕನ್ನಡಕ್ಕೆ ಕೊಟ್ಟರು. ಪಿಳ್ಳೆಯವರು ಅರಮನೆಯನ್ನು ಎದುರಿಸಿ ನಿಂತವರು. ಗುಂಡಪ್ಪನವರು ಸಂಸ್ಥಾನದ ಅಧಿಕಾರಿಗಳೊಡನೆ ಸ್ನೇಹವನ್ನು ಉಳಿಸಿಕೊಂಡೇ ತಮ್ಮ ಅಭಿಪ್ರಾಯವನ್ನು ಕಾಪಾಡಿಕೊಂಡವರು. ಮನೋಧರ್ಮ ಬೇರೆಯಾದರೂ ವೃತ್ತಿಯ ವಿಷಯದಲ್ಲಿ ಇಬ್ಬರ ನಿಲವೂ ಒಂದೇ: ಪತ್ರಿಕೆಯ ನಿಜವಾದ ಯಜಮಾನರು ಹಣ ಹೂಡಿದವರೂ ಅಲ್ಲ, ಸಂಬಳ ಪಡೆದವರೂ ಅಲ್ಲ, ಅದು ಸಾರ್ವಜನಿಕರ ಪರವಾದ ನ್ಯಾಸ.

ಈ ಮಾತನ್ನು ಪತ್ರಿಕೆಯ ಆಚೆಗೂ ಹಬ್ಬಿಸಬಹುದು. ಆಸ್ಪತ್ರೆಗೆ ರೋಗಿಯು, ಶಾಲೆಗೆ ಮಗುವು, ಕಚೇರಿಗೆ ಅರ್ಜಿ ಹಿಡಿದು ಬಂದವನು ನಿಜವಾದ ಯಜಮಾನ. ಒಡೆಯನೂ ಸೇವಕನೂ ಆ ಯಜಮಾನನ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುವುದಾದರೆ ಅವರ ಮೌಲ್ಯಗಳು ಹೊಂದಿವೆಯೆಂದು ತಿಳಿಯಬಹುದು. ಒಬ್ಬನು ನಿಂತು ಇನ್ನೊಬ್ಬನು ಕುಳಿತರೆ ಹೊಂದಿಲ್ಲವೆಂದು ತಿಳಿಯಬೇಕು. ಹೊಂದಿಕೆಯೆಂದರೆ ಒಬ್ಬರನ್ನೊಬ್ಬರು ಹೊಗಳುವುದಲ್ಲ. ಎಲ್ಲ ವಿಷಯಗಳಲ್ಲಿಯೂ ಏಕಾಭಿಪ್ರಾಯವೂ ಅಲ್ಲ. ಮೌಲವಿಯವರು ಇಸ್ಲಾಮಿನ ನಿಷ್ಠಾವಂತ ಪಂಡಿತರು. ಪಿಳ್ಳೆಯವರು ಬೇರೆ ಸಮಾಜದಲ್ಲಿ ಹುಟ್ಟಿ ಬೇರೆ ವಿಚಾರಗಳಲ್ಲಿ ಬೆಳೆದವರು. ಅವರನ್ನು ಕೂಡಿಸಿದುದು, ಪ್ರಜೆಗೆ ನಿಜವನ್ನು ತಿಳಿಸಬೇಕೆಂಬ ಒಂದೇ ವಿಷಯದ ನಿಶ್ಚಯ. ಕರ್ಣ ದುರ್ಯೋಧನರನ್ನು ಕೂಡಿಸಿದುದೂ ಒಂದೇ ವಿಷಯ. ಆದರೆ ಕರ್ಣನದು ತನ್ನ ಮಾನದ ವಿಷಯ. ಪಿಳ್ಳೆಯವರದು ತಮ್ಮ ಕೆಲಸದ ವಿಷಯ. ತನ್ನನ್ನು ಯಾರು ಮನ್ನಿಸುತ್ತಾರೆ ಎಂದು ನೋಡಿ ಒಡೆಯನನ್ನು ಆರಿಸಿದವನು ಕೊನೆಗೆ ಕುರುಕ್ಷೇತ್ರದಲ್ಲಿ ತನ್ನದಲ್ಲದ ಅನ್ಯಾಯಕ್ಕಾಗಿ ಮಡಿಯಬೇಕಾಗಬಹುದು. ತನ್ನ ಕೆಲಸವನ್ನು ಯಾರು ಮನ್ನಿಸುತ್ತಾರೆ ಎಂದು ನೋಡಿ ಆರಿಸಿದವನು ಕಷ್ಟಕ್ಕೆ ಸಿಕ್ಕಬಹುದು. ಆದರೆ ಆ ಕಷ್ಟ ಅವನದೇ ಆಗಿರುತ್ತದೆ.

ಒಡೆಯನು ತನ್ನ ಮೌಲ್ಯಗಳನ್ನು ಹೇಳಿಕೊಳ್ಳುವುದು ಸುಲಭ. ಅವು ನಿಜವೇ ಎಂದು ತಿಳಿಯಲು ಕೇಳಬೇಕಾದುದು ಎರಡು: ಆ ಮೌಲ್ಯಕ್ಕಾಗಿ ಅವನು ಈಗಾಗಲೇ ಏನನ್ನು ವೆಚ್ಚಮಾಡಿದ್ದಾನೆ? ಅದಕ್ಕಾಗಿ ಇನ್ನು ಏನನ್ನು ಕಳೆದುಕೊಳ್ಳಲು ಸಿದ್ಧನಾಗಿದ್ದಾನೆ? ಮೊದಲನೆಯದಕ್ಕೆ ಉತ್ತರವನ್ನು ಸೇವೆಗೆ ಸೇರುವ ಮೊದಲೇ ವಿಚಾರಿಸಿ ತಿಳಿಯಬಹುದು. ಎರಡನೆಯದಕ್ಕೆ ಉತ್ತರವು ಕಷ್ಟ ಬಂದ ದಿನದಂದು ಮಾತ್ರ ತಿಳಿಯುವುದು. ಮೊದಲನೆಯದನ್ನು ಚೆನ್ನಾಗಿ ವಿಚಾರಿಸಿದವನಿಗೆ ಎರಡನೆಯ ದಿನ ಅಷ್ಟು ಅನಿರೀಕ್ಷಿತವಾಗಿ ಬಾರದು.

ಕೇರಳ ಸರಕಾರವು ಪತ್ರಿಕೋದ್ಯೋಗಿಗಳಿಗೆ ಕೊಡುವ ಹಿರಿಯ ಪ್ರಶಸ್ತಿಗೆ ‘ಸ್ವದೇಶಾಭಿಮಾನಿ–ಕೇಸರಿ’ ಎಂದು ಹೆಸರು. ಇಬ್ಬರು ಸಂಪಾದಕರ ನೆನಪು ಅದರಲ್ಲಿ ಕೂಡಿದೆ. ರಾಮಕೃಷ್ಣಪಿಳ್ಳೆಯವರನ್ನು ಜನರು ಇಂದಿಗೂ ‘ಸ್ವದೇಶಾಭಿಮಾನಿ’ಯೆಂದೇ ಕರೆಯುತ್ತಾರೆ. ಆ ಹೆಸರು ಅವರು ಇಟ್ಟುದಲ್ಲ. ಅವರು ಬರುವುದಕ್ಕೆ ಒಂದು ವರ್ಷ ಮೊದಲೇ ಮೌಲವಿಯವರು ತಮ್ಮ ಪತ್ರಿಕೆಗೆ ಇಟ್ಟ ಹೆಸರು. ಯಂತ್ರವನ್ನು ಸರಕಾರವು ತೆಗೆದುಕೊಂಡಿತು. ಹೆಸರನ್ನು ಒಡೆಯನು ಸೇವಕನಿಗೆ ಬಿಟ್ಟುಕೊಟ್ಟನು.